ದೇವರ ಕೋಣೆಯ ಗ್ರೀಕ್ ನಾಣ್ಯ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದನೆಯ ತಾರೀಖು ನಮಗೆ ರಾಜ್ಯೋತ್ಸವ. ನಮ್ಮ ನೆರೆಹೊರೆಯವರಿಗೆ ಕೇರಳಪ್ಪಿರವಿ. 1956ರಲ್ಲಿ ಒಂದೇ ದಿನ ಹುಟ್ಟಿದ ಎರಡು ರಾಜ್ಯಗಳಲ್ಲಿ ಒಂದರ ಮಕ್ಕಳು ನಾವು, ಇನ್ನೊಂದರ ಅನ್ನ ಉಣ್ಣುತ್ತಿದ್ದೇವೆ. ಇಂಥ ದಿನ ವೇದಿಕೆಯ ಮೇಲೆ ಕದಂಬರ ಮಾತು, ಪುಲಕೇಶಿಯ ಮಾತು, ಪಂಪನ ಮಾತು ಬರುವುದು ವಾಡಿಕೆ. ಆದರೆ ನಮ್ಮ ಕಾರ್ಯದರ್ಶಿಗಳು ‘ನಿಮ್ಮ ಹಳೆಯ ದುಡ್ಡಿನ ಹುಚ್ಚಿನ ವಿಷಯ ಹೇಳಿ, ಹೊತ್ತು ಮೀರಬೇಡಿ’ ಎಂದು ಅಪ್ಪಣೆ ಮಾಡಿದ್ದಾರೆ. ನಾವು ಇತಿಹಾಸ ಓದಿ ಬಂದವರಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಇತರರ ಹಣವನ್ನು ಎಣಿಸಿ ಕೂದಲು ನರೆಸಿಕೊಂಡವರು. ಎಣಿಸಿದ್ದರಲ್ಲಿ ಒಂದೂ ನಮ್ಮದಲ್ಲವಾದುದರಿಂದಲೋ ಏನೋ, ಯಾರಿಗೂ ಬೇಡವಾದ ಹಣವನ್ನು ಕೂಡಿಹಾಕುವ ಚಾಳಿ ಹತ್ತಿತು.

ಇಂದು ನಾವು ಹೇಳಹೊರಟಿರುವುದು ಒಂದೇ ಒಂದು ನಾಣ್ಯದ ಕಥೆ. ಅದೂ ನಮ್ಮದಲ್ಲ.

ತ್ರಿಪ್ಪುಣಿತ್ತುರದಲ್ಲಿ ಪೂರ್ಣತ್ರಯೀಶನ ದೇವಸ್ಥಾನಕ್ಕೆ ಸಮೀಪವಾಗಿ ಉಡುಪಿ ಕಡೆಯಿಂದ ಬಂದು ನೆಲೆಸಿದ ಒಂದು ಮನೆಯಿದೆ. ಈಗ ಮನೆಯ ಹಿರಿಯರು ಎಂಬತ್ತು ದಾಟಿದ ಒಬ್ಬ ತಾಯಿ. ಅವರ ತಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ದಿನಸಿ ಲೆಕ್ಕ ಬರೆಯುವ ಕೆಲಸದಲ್ಲಿ ಈಜಿಪ್ಟಿಗೆ ಹೋಗಿದ್ದರು. ಮರಳಿ ಬರುವಾಗ ಒಂದು ಸಿಗರೇಟಿನ ಡಬ್ಬಿಯಲ್ಲಿ ಬೀದಿಯ ಹುಡುಗರು ಮಾರಿದ ಏಳೆಂಟು ಹಳೆಯ ನಾಣ್ಯಗಳನ್ನು ತಂದರು. ಅವುಗಳಲ್ಲಿ ಒಂದರ ಮೇಲೆ ಆನೆಯ ಸೊಂಡಿಲೂ ದಂತವೂ ಕಾಣುತ್ತಿದ್ದವು. ಅವರ ತಾಯಿ ಅದನ್ನು ನೋಡಿದ್ದೇ ತಡ, ‘ಯುದ್ಧಭೂಮಿಯಲ್ಲಿ ನನ್ನ ಮಗನನ್ನು ಕಾಪಾಡಿದ ಗಣಪತಿ ಇವನೇ’ ಎಂದು ಕಣ್ಣಿಗೊತ್ತಿಕೊಂಡು ದೇವರ ಕೋಣೆಯ ಬೆಳ್ಳಿಯ ಬಟ್ಟಲಲ್ಲಿ ಇಟ್ಟುಬಿಟ್ಟರು. ಮಗ ಎದುರಾಡಲಿಲ್ಲ. ಮುಂದೆ ಅವರು ಸೋದರಮಾವನ ಹೋಟೆಲಿಗೆಂದು ಎರ್ಣಾಕುಲಕ್ಕೆ ಬಂದಾಗ ಬಟ್ಟಲೂ ಬಂದಿತು. ಅಂದಿನಿಂದ ಪ್ರತಿ ಚೌತಿಗೂ ಅದಕ್ಕೆ ಕುಂಕುಮ, ಗರಿಕೆ.

ಡಬ್ಬಿಯಲ್ಲಿ ಉಳಿದ ನಾಣ್ಯಗಳ ಗತಿ ಬೇರೆಯಾಯಿತು. ಯಾರೋ ಒಳ್ಳೆಯ ಮನಸ್ಸಿನವರು ಅವು ಮಾಸಿವೆಯೆಂದು ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆಯ ಚೆಂಬು ಬೆಳಗಿದ ಹಾಗೆ ತಿಕ್ಕಿದರು. ಈಗ ಅವು ಥಳಥಳಿಸುತ್ತವೆ. ಆದರೆ ಮುಖವೂ ಇಲ್ಲ, ಅಕ್ಷರವೂ ಇಲ್ಲ. ನಾವು ಅವರನ್ನು ದೂರುವಂತಿಲ್ಲ. ಹುಡುಗತನದಲ್ಲಿ ನಾವೂ ಅಜ್ಜನ ಮನೆಯ ಟಿಪ್ಪುವಿನ ಕಾಸುಗಳನ್ನು ಹೀಗೆಯೇ ಹಾಳುಮಾಡಿದವರು. ಹಳೆಯ ತಾಮ್ರದ ಮೇಲೆ ಕೂಡುವ ಹಸಿರು ಕಪ್ಪು ಪದರ ಎಲ್ಲ ವೇಳೆಯೂ ಕೊಳೆಯಲ್ಲ, ಎಷ್ಟೋ ವೇಳೆ ಅದೇ ನಾಣ್ಯದ ಚರ್ಮ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು.

ಮೂರು ವರ್ಷದ ಕೆಳಗೆ ಆ ತಾಯಿಯ ಮೊಮ್ಮಗ ಅಮೆರಿಕದಿಂದ ರಜೆಗೆ ಬಂದವನು ನಮ್ಮನ್ನು ಕರೆಸಿದ. ಅಜ್ಜಿಯ ಅಪ್ಪಣೆ ಪಡೆದು ಬಟ್ಟಲನ್ನು ಹೊರಗೆ ತಂದದ್ದಾಯಿತು. ಕೈಗೆ ತೆಗೆದುಕೊಂಡಾಗ ಮೊದಲು ಗೊತ್ತಾದುದು ತೂಕ. ಅಗಲದಲ್ಲಿ ಹಳೆಯ ಬೆಳ್ಳಿಯ ರೂಪಾಯಿಗಿಂತ ಸಣ್ಣದು, ಆದರೆ ದಪ್ಪ. ಸುಮಾರು 12-13 ಗ್ರಾಂ ತೂಗುತ್ತದೆ. ಬೆಳ್ಳಿಗೆ ತಾಮ್ರವನ್ನು ಧಾರಾಳವಾಗಿ ಬೆರೆಸಿದ ಲೋಹ. ಒಂದು ಕಡೆ ಸೂರ್ಯಕಿರಣಗಳಂಥ ಕಿರೀಟ ಧರಿಸಿದ ದಪ್ಪ ಕತ್ತಿನ ಗಂಡಸು. ಸುತ್ತಲಿನ ಅಕ್ಷರ ಲ್ಯಾಟಿನ್ ಅಲ್ಲ, ಗ್ರೀಕ್. ಬೂದುಗಾಜಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿದರೆ ನೀರೋ ಎಂದಾಯಿತು. ರೋಮ್ ಉರಿಯುವಾಗ ಪಿಟೀಲು ಬಾರಿಸಿದನೆಂಬ ಅಪಕೀರ್ತಿ ಹೊತ್ತ ಆ ನೀರೋ! ಪಾಪ, ಆಗ ಪಿಟೀಲೇ ಹುಟ್ಟಿರಲಿಲ್ಲ.

ಇನ್ನೊಂದು ಕಡೆಯ ಆನೆ ಗಣಪತಿಯಲ್ಲ. ಅದು ಆನೆಯ ತಲೆಯ ತೊಗಲನ್ನು ಟೊಪ್ಪಿಗೆಯಂತೆ ಧರಿಸಿದ ಒಬ್ಬ ಹೆಂಗಸು. ಅಲೆಕ್ಸಾಂಡ್ರಿಯ ನಗರವನ್ನೇ ಹೆಣ್ಣಾಗಿ ಬಗೆದು ಕೆತ್ತಿದ ರೂಪ. ಅವಳ ಮುಂದೆ ಲ್ಯಾಟಿನ್ನಿನ ‘ಎಲ್’ ಆಕಾರದ ಗುರುತು, ಬಳಿಕ ಗ್ರೀಕಿನ ಇಯೋಟ, ಬೀಟ ಎಂಬ ಎರಡು ಅಕ್ಷರ. ಆ ಗುರುತಿನ ಅರ್ಥ ‘ವರ್ಷ’. ಇಯೋಟ ಎಂದರೆ ಹತ್ತು, ಬೀಟ ಎಂದರೆ ಎರಡು. ಅಕ್ಷರದಿಂದ ಅಂಕಿ ಹೇಳುವ ಉಪಾಯ ನಮಗೆ ಹೊಸದಲ್ಲ. ಈ ಊರಿನಲ್ಲಿ ಕಟಪಯಾದಿ ಬಲ್ಲವರು ಇಂದಿಗೂ ಇದ್ದಾರೆ. ನೀರೋ ಆಳಿಕೆಯ ಹನ್ನೆರಡನೆಯ ವರ್ಷ, ಎಂದರೆ ಕ್ರಿ.ಶ. 65-66. ಟಂಕಸಾಲೆಯಲ್ಲಿ ಯಾರೋ ಒಬ್ಬ ಕೂಲಿಯವನು ಸುತ್ತಿಗೆಯಿಂದ ಹೊಡೆದ ಏಟಿನ ವರ್ಷವನ್ನು ತ್ರಿಪ್ಪುಣಿತ್ತುರದ ಜಗಲಿಯಲ್ಲಿ ಕುಳಿತು ಓದಿದೆವಲ್ಲ ಎಂದು ನಮಗೆ ಆ ಕ್ಷಣ ರೋಮಾಂಚವಾಯಿತು.

ಆನೆಯ ತೊಗಲಿಗೂ ನಮ್ಮ ದೇಶಕ್ಕೂ ನಂಟುಂಟು. ಅಲೆಕ್ಸಾಂಡರನು ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪೋರಸನ ಆನೆಗಳನ್ನು ಎದುರಿಸಿದನಷ್ಟೆ? ಅವನು ಸತ್ತ ಮೇಲೆ ಈಜಿಪ್ಟನ್ನು ಹಿಡಿದ ಟಾಲೆಮಿ, ಆನೆಯ ತೊಗಲು ಧರಿಸಿದ ಅಲೆಕ್ಸಾಂಡರನ ಮುಖವನ್ನು ನಾಣ್ಯದ ಮೇಲೆ ಅಚ್ಚುಹಾಕಿಸಿದ. ವಿದ್ವಾಂಸರು ಅದನ್ನು ಭಾರತದ ಯುದ್ಧದ ನೆನಪೆಂದು ತಿಳಿಯುತ್ತಾರೆ. ಅವನು ಕಟ್ಟಿಸಿದ ಪಟ್ಟಣದ ದೇವಿಗೂ ಬಳಿಕ ಅದೇ ಟೊಪ್ಪಿಗೆ ಬಂದಿತು. ವೃಶ್ಚಿಕೋತ್ಸವಕ್ಕೆ ಹದಿನೈದು ಆನೆ ನಿಲ್ಲಿಸುವ ಊರಿಗೆ ಇಂಥ ನಾಣ್ಯವೇ ಬಂದು ಸೇರಿದ್ದು ತಮಾಷೆಯಲ್ಲವೇ?

ಇದನ್ನು ನಾಣ್ಯಶಾಸ್ತ್ರದವರು ರೋಮಿನ ಪ್ರಾಂತ ನಾಣ್ಯ ಎನ್ನುತ್ತಾರೆ. ರೋಮನರು ಗ್ರೀಕ್ ನಾಡುಗಳನ್ನು ಗೆದ್ದರೂ ಅಲ್ಲಿನ ದುಡ್ಡನ್ನು ಒಮ್ಮೆಲೇ ಅಳಿಸಲಿಲ್ಲ. ಐನೂರಕ್ಕೂ ಹೆಚ್ಚು ಊರುಗಳು ತಮ್ಮ ತಮ್ಮ ಟಂಕಸಾಲೆಯಲ್ಲಿ ನಾಣ್ಯ ಹೊಡೆಯುತ್ತಿದ್ದವು. ಸಾಮಾನ್ಯವಾಗಿ ಒಂದು ಮುಖದಲ್ಲಿ ಚಕ್ರವರ್ತಿ. ಇನ್ನೊಂದು ಮುಖ ಊರಿನವರದು. ಎಫೆಸಸಿನವರು ತಮ್ಮ ಆರ್ತೆಮಿಸ್ ದೇವಿಯನ್ನು ಕೂರಿಸಿದರು. ಫ್ರಿಜಿಯದ ಅಪಾಮಿಯದವರು ನೋಹನ ನಾವೆಯನ್ನು ಕೆತ್ತಿಸಿ ಅವನ ಹೆಸರನ್ನೂ ಬರೆಸಿದರು. ಇದನ್ನು ನಮ್ಮ ಸಿರಿಯನ್ ಕ್ರೈಸ್ತ ಮಿತ್ರರೊಬ್ಬರಿಗೆ ಹೇಳಿದಾಗ ಅವರು ನಂಬಲೇ ಇಲ್ಲ, ಚಿತ್ರ ತೋರಿಸಬೇಕಾಯಿತು. ಪೂರ್ವದ ಊರುಗಳಲ್ಲಿ ಬರವಣಿಗೆ ಬಹುತೇಕ ಗ್ರೀಕ್. ಚಕ್ರವರ್ತಿಯ ಬಿರುದುಗಳನ್ನು ಕೂಡ ಆ ಜನ ತಮ್ಮ ಮಾತಿಗೆ ತಿರುಗಿಸಿಕೊಂಡೇ ಬರೆದರು. ರೋಮಿಗೆ ಕಂದಾಯ ಕೊಟ್ಟರು, ಲೆಕ್ಕ ಮಾತ್ರ ತಮ್ಮ ಲಿಪಿಯಲ್ಲಿ ಇಟ್ಟರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ನಡೆಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಆ ಮೊಮ್ಮಗ ಒಂದು ಪ್ರಶ್ನೆ ಕೇಳಿದ. ‘ಇಲ್ಲೇ ಮುಚಿರಿ ಪಟ್ಟಣವಿತ್ತಲ್ಲ ಸಾರ್, ಇಂಥ ನಾಣ್ಯ ಆ ಕಾಲಕ್ಕೇ ಇಲ್ಲಿಗೆ ಬಂದಿರಲಿಲ್ಲವೇ?’ ಪ್ರಶ್ನೆ ಒಳ್ಳೆಯದು. ಉತ್ತರ ವಿಚಿತ್ರವಾದದ್ದು.

ಮುಚಿರಿಗೆ ಹಡಗು ಬರುತ್ತಿದ್ದುದು ಈಜಿಪ್ಟಿನ ಕೆಂಪು ಸಮುದ್ರದ ರೇವುಗಳಿಂದಲೇ. ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಒಂದು ಪಪೈರಸ್ ಹಾಳೆಯಲ್ಲಿ ಮುಚಿರಿಯ ವ್ಯಾಪಾರದ ಸಾಲಪತ್ರವೂ ಹೆರ್ಮಾಪೊಲ್ಲೋನ್ ಎಂಬ ಹಡಗಿನ ಸರಕಿನ ಲೆಕ್ಕವೂ ಉಳಿದಿವೆ. ಗಂಗಾತೀರದ ಜಟಾಮಾಂಸಿ, ಆನೆಯ ದಂತ, ಅದಕ್ಕೆ ಅಲೆಕ್ಸಾಂಡ್ರಿಯದಲ್ಲಿ ಕಾಲುಭಾಗ ಸುಂಕ. ಭಾರತ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆಯುತ್ತದೆಂದು ಪ್ಲಿನಿ ಗೊಣಗಿದ್ದು ಪ್ರಸಿದ್ಧವಾಗಿದೆ. ವ್ಯಾಪಾರ ಇಷ್ಟು; ಆದರೂ ಈಜಿಪ್ಟಿನ ನಾಣ್ಯ ಈ ಕಡಲನ್ನು ದಾಟಿದ್ದು ಅಪರೂಪ. ಅದು ಈಜಿಪ್ಟಿನ ಒಳಗೆ ಮಾತ್ರ ಸಲ್ಲುವ ಹಣ. ನಾಲ್ಕು ದ್ರಾಖ್ಮದ ಈ ನಾಣ್ಯಕ್ಕೆ ಅಲ್ಲಿ ರೋಮಿನ ಒಂದು ಬೆಳ್ಳಿಯ ದಿನಾರಿಯಸ್ಸಿನ ಬೆಲೆ. ಗಡಿ ದಾಟಿದರೆ ತಾಮ್ರ ಬೆರೆತ ಲೋಹದ ಬೆಲೆ ಅಷ್ಟೆ. ಮೆಣಸು ಮಾರುವ ನಮ್ಮ ಕರಾವಳಿಯವರು ಲೋಹದ ಗುಣ ನೋಡಿ ತೂಗುವವರು. ಬೆರಕೆ ಬೆಳ್ಳಿ ತಂದರೆ ‘ಬೇಡ, ಒಳ್ಳೆಯದು ಕೊಡಿ’ ಎಂದಿರಬೇಕು.

ಆದ್ದರಿಂದ ಈ ಕಡೆ ಸಿಕ್ಕುವುದು ಹೆಚ್ಚಾಗಿ ಚಕ್ರವರ್ತಿಯ ಚಿನ್ನ ಮತ್ತು ಒಳ್ಳೆಯ ಬೆಳ್ಳಿ. ಕಣ್ಣೂರಿನ ಕಡೆಯ ಕೋಟ್ಟಯಂ ಎಂಬಲ್ಲಿ 1847ರಲ್ಲಿ ಕೂಲಿಗಳು ಹೊರೆಹೊರೆಯಾಗಿ ಹೊರುವಷ್ಟು ಚಿನ್ನದ ನಾಣ್ಯ ಸಿಕ್ಕಿತೆಂದು ಹೇಳಿಕೆಯಿದೆ, ಬಹುಪಾಲು ಚದರಿಹೋಯಿತು. ಉತ್ತರ ಪರವೂರಿನ ಹತ್ತಿರದ ವಳ್ಳುವಳ್ಳಿಯಲ್ಲಿ 1983ರಲ್ಲಿ ದೊರೆತವು 252 ಚಿನ್ನದ ನಾಣ್ಯ. ಅಲ್ಲಿಗೆ ಸಮೀಪದ ಪಟ್ಟಣಂ ಗ್ರಾಮದಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ರೋಮಿನ ದ್ರಾಕ್ಷಾರಸದ ಜಾಡಿಗಳ ಚೂರುಗಳು ರಾಶಿರಾಶಿಯಾಗಿ ಬಂದವು. ಅದೇ ಮುಚಿರಿಯೆಂದು ಬಹು ಮಂದಿ ವಿದ್ವಾಂಸರ ಮತ.

ನಮ್ಮ ಕನ್ನಡ ನಾಡೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿಯ ನಾಣ್ಯಗಳು ಸಿಕ್ಕಿದವು; 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಆವರಣದಲ್ಲಿ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸರ ದಿನಾರಿಯಸ್‌ಗಳು. ಈ ಇಬ್ಬರ ಹೆಸರಿನ ಬೆಳ್ಳಿಯಲ್ಲಿ ಹೆಚ್ಚಿನದು ಹೊಡೆದದ್ದು ಇಂದಿನ ಫ್ರಾನ್ಸಿನ ಲಿಯೋನಿನಲ್ಲಿ. ಫ್ರಾನ್ಸಿನ ಬೆಳ್ಳಿ ಯಶವಂತಪುರಕ್ಕೆ ಬಂದಿತು. ಹಡಗು ಹೊರಟ ಅಲೆಕ್ಸಾಂಡ್ರಿಯದ ದುಡ್ಡು ಮಾತ್ರ ಮನೆಯಲ್ಲೇ ಉಳಿಯಿತು. ಕೊನೆಗೆ ಅದನ್ನು ತಂದವರು ಸೈನ್ಯದ ದಿನಸಿ ಗುಮಾಸ್ತರು, ಹೆಚ್ಚು ಕಡಮೆ ಸಾವಿರದ ಎಂಟುನೂರ ಎಂಬತ್ತು ವರ್ಷ ತಡವಾಗಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಅದೇ ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ರಾಜನೂ ಅವನ ಪರಿವಾರವೂ ಆಡುವ ಅರ್ಥವಾಗದ ಮಾತು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಎಂಬ ಜರ್ಮನ್ ಪಂಡಿತರು ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಆ ಮಾತುಗಳ ಬೆನ್ನು ಹತ್ತಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ವೇದಿಕೆಯ ಮೇಲೆ ನಿಂತು ‘ಗ್ರೀಕರು ಕನ್ನಡ ಆಡುತ್ತಿದ್ದರು’ ಎಂದು ಚಪ್ಪಾಳೆ ಗಿಟ್ಟಿಸುವುದು ಸುಲಭ; ನಾವು ಅದನ್ನು ಮಾಡುವುದಿಲ್ಲ.

ಮೊಮ್ಮಗನಿಗೆ ನಾಣ್ಯವನ್ನು ತನ್ನೊಡನೆ ಒಯ್ಯುವ ಆಸೆ. ‘ಮುತ್ತಜ್ಜನ ನೆನಪು, ಮಾರಲಿಕ್ಕಲ್ಲ’ ಎಂದ. ಆಸೆ ತಪ್ಪಲ್ಲ. ಆದರೆ 1972ರ ಪ್ರಾಚ್ಯವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೆ ಮೀರಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಎಲ್ಲಿ ಹೊಡೆದದ್ದು ಎಂಬುದು ಮುಖ್ಯವಲ್ಲ. ‘ಹೊರಗಿನಿಂದ ಬಂದದ್ದು ತಾನೇ?’ ಎಂದು ಹುಡುಗ ಸ್ವಲ್ಪ ಬಿಸಿಯಾದ. ಹೊರಗಿನಿಂದ ಬಂದು ಎಂಬತ್ತು ವರ್ಷ ಈ ಮನೆಯಲ್ಲಿ ಇದೆಯಲ್ಲ ಎಂದೆವು. ಅವನ ಮುಖ ಸಣ್ಣದಾಯಿತು. ನಮಗೂ ಕಸಿವಿಸಿಯಾಯಿತು.

ನಿಮ್ಮಲ್ಲಿ ಯಾರಾದರೂ ಅಡಿಪಾಯ ತೋಡುವಾಗ ಗಡಿಗೆ ಸಿಕ್ಕಿದರೆ 1968ರ ಕೇರಳ ನಿಧಿ ಕಾಯಿದೆಯುಂಟು. ಮೇಸ್ತ್ರಿಯ ಕೂಡ ಹಂಚಿಕೊಳ್ಳದೆ ಜಿಲ್ಲಾ ಕಲೆಕ್ಟರರಿಗೆ ತಿಳಿಸಬೇಕು. ಕೊಳ್ಳುವ ಹವ್ಯಾಸವಿದ್ದವರಿಗೆ ನಮ್ಮ ಪೆಟ್ಟಿನ ಅನುಭವ: ಒಂದು ಅಂಗಡಿಯಲ್ಲಿ ನಾವು ಸಂಬಳದ ಕಾಲುಭಾಗ ಕೊಟ್ಟು ಎರಡು ‘ರೋಮನ್’ ನಾಣ್ಯ ತಂದೆವು. ಎರಡರ ಮೇಲೂ ಒಂದೇ ಜಾಗದಲ್ಲಿ ಒಂದೇ ಗೀರು! ಎರಕ ಹೊಯ್ದವು. ಅಂಚಿನಲ್ಲಿ ಸುತ್ತಲೂ ಅರದಿಂದ ಉಜ್ಜಿದ ಗೆರೆಯಿದೆಯೇ, ಮೈಮೇಲೆ ಗುಳ್ಳೆಯ ಸಣ್ಣ ಕುಳಿಗಳಿವೆಯೇ ನೋಡಿ. ಅದಕ್ಕಿಂತ ಮೊದಲು ಹಿಲ್ ಪ್ಯಾಲೇಸಿಗೆ ಹೋಗಿ ಬನ್ನಿ. ಕೊಚ್ಚಿಯ ಮಹಾರಾಜರು 1865ರಲ್ಲಿ ಕಟ್ಟಿಸಿದ ಆ ಅರಮನೆ ಈಗ ವಸ್ತುಸಂಗ್ರಹಾಲಯ. ನಮ್ಮ ಜನ ಮಕ್ಕಳನ್ನು ಜಿಂಕೆ ತೋರಿಸಲು ಅಲ್ಲಿಗೆ ಕರೆದೊಯ್ದು ನಾಣ್ಯಗಳ ಮುಂದೆ ನಿಲ್ಲದೆ ಬಂದುಬಿಡುತ್ತಾರೆ.

ಉಳಿದದ್ದು ಕಷ್ಟದ ಕೆಲಸ. ಆ ತಾಯಿಗೆ ನಿಜ ಹೇಳಬೇಕೇ, ಬಾರದೇ? ಮನೆಯವರು ಬೇಡವೆಂದು ಕಣ್ಸನ್ನೆ ಮಾಡಿದರು. ಆದರೆ ಅವರೇ ಚಾಪೆಯ ಮೇಲೆ ಎದುರು ಕುಳಿತು ‘ಎಂತ ಬರೆದುಂಟು ಅದರಲ್ಲಿ?’ ಎಂದು ಕೇಳಿದರೆ ಸುಳ್ಳು ಹೇಳುವುದು ಹೇಗೆ? ತಡವರಿಸುತ್ತ ಹೇಳಿದೆವು: ಅದು ಗಣಪತಿಯಲ್ಲ, ಒಂದು ಊರಿನ ದೇವಿ, ಆನೆಯ ತೊಗಲು ಹೊದ್ದಿದ್ದಾಳೆ. ಅವರು ನಾಣ್ಯವನ್ನು ಕಣ್ಣಿನ ಬಳಿ ಹಿಡಿದು ಬಹಳ ಹೊತ್ತು ನೋಡಿದರು.

‘ಅಪ್ಪಯ್ಯನಿಗೆ ಗೊತ್ತಿತ್ತು ಮಾರಾಯ್ರೆ’ ಎಂದರು. ‘ಒಮ್ಮೆ ನನ್ನ ಹತ್ರ ಹೇಳಿದ್ರು, ಅದು ಯಾರೋ ಹೆಂಗಸು ಅಂತ. ಅಮ್ಮನಿಗೆ ಹೇಳ್ಬೇಡ ಅಂದ್ರು. ನಾನು ಯಾರಿಗೂ ಹೇಳ್ಲಿಲ್ಲ.’ ನಾಣ್ಯವನ್ನು ಸೆರಗಿನಲ್ಲಿ ಒರಸಹೊರಟರು. ನಾವು ಗಾಬರಿಯಿಂದ ಕೈ ಚಾಚಿದ್ದನ್ನು ಕಂಡು ನಕ್ಕು ನಿಲ್ಲಿಸಿದರು. ಮೊಮ್ಮಗ ಎರಡೂ ಮುಖದ ಫೋಟೋ ತೆಗೆದುಕೊಂಡು ಹೋದ. ಬಟ್ಟಲು ತನ್ನ ಜಾಗಕ್ಕೆ ಮರಳಿತು. ನಮ್ಮ ಮಾತಿಗೆ ಬೆಲೆ ಕೊಟ್ಟು ಈಗ ಕುಂಕುಮವನ್ನು ಬಟ್ಟಲಿನ ಅಂಚಿಗೆ ಹಚ್ಚುತ್ತಾರೆ.

ಆ ತಾಯಿ ಇಂದು ಸಭೆಗೆ ಬಂದಿದ್ದಾರೆ, ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ನಾಣ್ಯವನ್ನೂ ತಂದಿದ್ದಾರೆ. ಮುಂದಿನ ಸಾಲಿನಿಂದ ಹಿಂದಕ್ಕೆ ಒಬ್ಬೊಬ್ಬರ ಕೈಗೂ ಬರುತ್ತದೆ. ಮಕ್ಕಳಿಗೂ ಕೊಡಿ. ಅಂಚನ್ನು ಮಾತ್ರ ಹಿಡಿದುಕೊಳ್ಳಿ, ದಯವಿಟ್ಟು ಉಜ್ಜಬೇಡಿ.