ಗಬಾನಿಗೆ ಹೊರಟವರಿಗೆ

ಚನ್ನಗಿರಿ ಸೀಮೆಯ ಹಕ್ಕಿಪಿಕ್ಕಿ ಜನರು ಗಿಡಮೂಲಿಕೆಯ ಎಣ್ಣೆ ಮಾರುತ್ತ ಆಫ್ರಿಕೆಯವರೆಗೂ ಹೋಗುವುದನ್ನು ಕೇಳುಗರು ಬಲ್ಲರು. ಅವರಲ್ಲೊಬ್ಬ, ನನ್ನ ಹಳೆಯ ಶಿಷ್ಯ, ಎಂ.ಸಿ.ಸಿ. ಬಡಾವಣೆಯ ಮನೆಗೆ ಬಂದು, “ಮೇಷ್ಟ್ರೇ, ಬರುವ ವಾರ ಗಬಾನಿಗೆ ಹೊರಟೆ” ಎಂದ.

“ಹಳದಿ ಜ್ವರದ ಲಸಿಕೆ ಆಯಿತೇನೋ?”

“ನಾಳೆ ಹಾಕಿಸ್ತೀನಿ ಸಾರ್.”

ಲಸಿಕೆಯ ಪತ್ರ ಊರ್ಜಿತವಾಗುವುದು 10 ದಿನಗಳ ನಂತರ! ಪ್ರಯಾಣ ಮುಂದೂಡಿದ, ಟಿಕೆಟ್ಟಿನ ಹಣವೂ ಕೊಂಚ ಹೋಯಿತು. ಮಲೇರಿಯಾದ ಮಾತೇ ಬೇರೆ: ಸೊಳ್ಳೆಪರದೆ ಬೇಕು, ವೈದ್ಯರನ್ನು ಕೇಳಿ ಮಾತ್ರೆಯೂ ಬೇಕು. ಅಲ್ಲಿಯ ಆಡಳಿತಭಾಷೆ ಫ್ರೆಂಚು. ನಾಲ್ಕು ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟೆ. ಉಚ್ಚಾರ ದೇವರಿಗೇ ಪ್ರೀತಿ.

2023ರ ಏಪ್ರಿಲಿನಲ್ಲಿ ಸುಡಾನಿನ ಕಾಳಗದ ನಡುವೆ ಈ ಜನರು ಸಿಲುಕಿದ್ದರು. ಅದೇ ಆಗಸ್ಟ್ 30ರಂದು ಗಬಾನಿನಲ್ಲೂ ಸೇನೆ ಅಧಿಕಾರ ಹಿಡಿಯಿತು. ಆದಕಾರಣ ಇಳಿದೊಡನೆ ನಮ್ಮ ರಾಯಭಾರ ಕಚೇರಿಗೆ ವಿಳಾಸ ತಿಳಿಸು, ಪಾಸ್‌ಪೋರ್ಟಿನ ಒಂದು ಪ್ರತಿ ತಾಯಿಯ ಕೈಯಲ್ಲಿರಲಿ ಎಂದೆ.