ಲೆಕ್ಕದ ಹೊರಗುಳಿದ ರೋಗಿ



ಮಂಗಳೂರಿನವರಾದ ನಮಗೆ ಮಲೇರಿಯಾವನ್ನು ಪರಿಚಯಿಸಬೇಕಾಗಿಲ್ಲ. 1990ರ ದಶಕದಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದಂತೆ ಈ ಜ್ವರವೂ ನಗರದಲ್ಲಿ ಬೇರೂರಿತು. ಮಳೆಗಾಲದಲ್ಲಿ ಪತ್ರಿಕೆಗಳು ಪ್ರಕರಣಗಳ ಸಂಖ್ಯೆ ಪ್ರಕಟಿಸುತ್ತವೆ. ಇಳಿದರೆ ನೆಮ್ಮದಿ, ಏರಿದರೆ ಆತಂಕ. ಆದರೆ ಆ ಸಂಖ್ಯೆ ಎಲ್ಲಿಂದ ಬರುತ್ತದೆಂದು ನಾವು ವಿಚಾರಿಸಿದ್ದುಂಟೇ?

ರಕ್ತಪರೀಕ್ಷೆ ನಡೆದು, ರೋಗಾಣು ಕಂಡು, ವರದಿಯು ಆರೋಗ್ಯ ಇಲಾಖೆಗೆ ತಲುಪಿದರೆ ಮಾತ್ರ ರೋಗಿ ಲೆಕ್ಕಕ್ಕೆ ಸೇರುತ್ತಾನೆ. ಪರೀಕ್ಷೆಯಿಲ್ಲದೆ ಔಷಧದಂಗಡಿಯ ಮಾತ್ರೆ ನುಂಗಿದವನು, ಜ್ವರದಲ್ಲೇ ಊರಿನ ರೈಲು ಹತ್ತಿದ ಕಟ್ಟಡ ಕಾರ್ಮಿಕ, ಇವರೂ ರೋಗಿಗಳೇ. ಆದರೆ ಲೆಕ್ಕದಲ್ಲಿಲ್ಲ. ಸೊಳ್ಳೆಗೆ ಈ ಭೇದವಿಲ್ಲ. ದಾಖಲಾಗದ ರೋಗಿಯಿಂದಲೂ ಅದು ನೆರೆಮನೆಯ ಮಗುವಿಗೆ ರೋಗ ಸಾಗಿಸಬಲ್ಲುದು. ರೋಗಿಯ ವಿಳಾಸವೇ ತಿಳಿಯದಿದ್ದರೆ ಪಾಲಿಕೆಯ ಸಿಬ್ಬಂದಿ ಯಾವ ತಾರಸಿಯ ನೀರಿನ ಟ್ಯಾಂಕಿಯನ್ನು ಪರಿಶೀಲಿಸಬೇಕು? 2015ರ ಅಕ್ಟೋಬರ್‌ನಲ್ಲಿ ನಮ್ಮ ನಗರದಲ್ಲಿ ಪ್ರಕರಣಗಳನ್ನು ಟ್ಯಾಬ್ಲೆಟ್ ಹಾಗೂ ಗಣಕಯಂತ್ರಗಳ ಮೂಲಕ ದಾಖಲಿಸುವ ವ್ಯವಸ್ಥೆ ಆರಂಭವಾಯಿತು. ಖಾಸಗಿ ಆಸ್ಪತ್ರೆಗಳೂ ಪ್ರಯೋಗಾಲಯಗಳೂ ಅದರ ವ್ಯಾಪ್ತಿಗೆ ಬಂದವು. ಇದು ಶ್ಲಾಘನೀಯ ಕ್ರಮ. ಎಣಿಕೆ ಸುಧಾರಿಸಿದಾಗ ಸಂಖ್ಯೆ ಏರಲೂಬಹುದು. ಅದರಿಂದಲೇ ರೋಗ ಹೆಚ್ಚಿತೆಂದು ತೀರ್ಮಾನಿಸಲಾಗದು.

ದೇಶದ ಸಾವಿನ ಲೆಕ್ಕ ಇನ್ನೂ ವಿಚಿತ್ರ. ಮಲೇರಿಯಾದಿಂದ ವರ್ಷಕ್ಕೆ ಸುಮಾರು ಸಾವಿರ ಮಂದಿ ಸಾಯುತ್ತಾರೆಂದು ಸರಕಾರಿ ದಾಖಲೆಗಳು ಹೇಳುತ್ತಿದ್ದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 15,000 ಆಗಿತ್ತು. 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, 70 ವರ್ಷದೊಳಗಿನವರಲ್ಲೇ 2,05,000 ಎಂದು ಅಂದಾಜಿಸಿತು. ಮೃತರ ಮನೆಯವರನ್ನು ವಿಚಾರಿಸಿ ತಯಾರಿಸಿದ ಲೆಕ್ಕವಿದು. ಇತರ ಜ್ವರಗಳೂ ಇದರಲ್ಲಿ ಸೇರಿಹೋಗಿರಬಹುದೆಂಬ ಆಕ್ಷೇಪವೂ ಬಂತು, ಅದರಲ್ಲಿ ಹುರುಳಿದೆ. ಆದರೆ ಅದೇ ಅಧ್ಯಯನದ ಪ್ರಕಾರ ಶೇ. 86 ಸಾವುಗಳು ಯಾವುದೇ ಚಿಕಿತ್ಸಾಲಯದಲ್ಲಿ ಸಂಭವಿಸಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲೇರದವನ ಸಾವನ್ನು ಆಸ್ಪತ್ರೆಯ ದಾಖಲೆಯಲ್ಲಿ ಹುಡುಕುವುದೆಂತು?

ಹುಡುಕಿದಲ್ಲಿ ಸಂಖ್ಯೆ ಕಾಣುತ್ತದೆ, ಹುಡುಕದಲ್ಲಿ ಶೂನ್ಯ. ಇದರ ಇನ್ನೊಂದು ಮುಖವನ್ನು 2020ರ ಏಪ್ರಿಲ್‌ನಲ್ಲಿ ಕಂಡೆವು. ನಿಝಾಮುದ್ದೀನ್ ಮರ್ಕಝ್‌ಗೆ ಹೋದವರನ್ನು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಹುಡುಕಿ ಪರೀಕ್ಷಿಸಲಾಯಿತು. ಸಾಂಕ್ರಾಮಿಕದಲ್ಲಿ ಅದು ಅಗತ್ಯವೂ ಆಗಿತ್ತು. ಆದರೆ ಉಳಿದವರ ಪರೀಕ್ಷೆ ವಿರಳವಾಗಿದ್ದ ಆ ದಿನಗಳಲ್ಲಿ, ದಿಲ್ಲಿಯ ದೈನಂದಿನ ಪ್ರಕಟಣೆ ಮರ್ಕಝ್‌ನ ಸೋಂಕಿತರನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿತು. ದಿಲ್ಲಿ ಅಲ್ಪಸಂಖ್ಯಾತ ಆಯೋಗ ಆಕ್ಷೇಪಿಸಿತು. ಅಷ್ಟರಲ್ಲಿ ಒಂದು ಸಮುದಾಯವೇ ರೋಗದ ಮೂಲವೆಂಬ ಮಾತು ಬೀದಿಬೀದಿಗೆ ಹಬ್ಬಿತ್ತು. ಅಂಕಿ ಸುಳ್ಳಾಗಿರಲಿಲ್ಲ, ಅದನ್ನು ಓದಿದ ಬಗೆ ಸುಳ್ಳಾಗಿತ್ತು.

ಹಾಗೆಂದು ಎಲ್ಲ ಲೆಕ್ಕವೂ ಮೋಸವೆಂದು ಕೈಚೆಲ್ಲುವವರನ್ನು ನಾವು ಒಪ್ಪಲಾರೆವು. ಅಂಥವರು ಪರೀಕ್ಷೆಯನ್ನೂ ಮಾಡಿಸುವುದಿಲ್ಲ, ಹೀಗೆ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತಾರೆ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಅಂದೇ ರಕ್ತಪರೀಕ್ಷೆ ಮಾಡಿಸೋಣ. ಮಲೇರಿಯಾ ದೃಢಪಟ್ಟರೆ ವರದಿಯನ್ನು ಪಾಲಿಕೆಗೆ ಕಳುಹಿಸಿದ್ದೀರಾ ಎಂದು ಪ್ರಯೋಗಾಲಯದವರಲ್ಲಿ ಕೇಳೋಣ. ಮುಂದಿನ ವಾರ್ಡ್ ಸಭೆಯಲ್ಲಿ, ಎಷ್ಟು ಪ್ರಕರಣ ಎಂಬುದರ ಜೊತೆಗೆ, ಎಷ್ಟು ಮಂದಿಯ ರಕ್ತ ಪರೀಕ್ಷಿಸಿದಿರಿ, ಕಾರ್ಮಿಕರ ಶೆಡ್‌ಗಳಿಗೆ ಹೋಗಿದ್ದಿರಾ ಎಂದೂ ಕೇಳೋಣ.