ನಿತ್ಯಪುಷ್ಪ: ಮನೆಮದ್ದಿನ ಮಹಿಮೆ ಮತ್ತು ಮಿತಿ

(ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲಿ ನೀಡಿದ ಉಪನ್ಯಾಸ)



ಬ್ರಹ್ಮಗಿರಿಯ ಈ ಪರಿಸರದಲ್ಲಿ ಅಶೋಕನ ಮೂರು ಕಿರುಶಾಸನಗಳಿವೆ. ಅವುಗಳಲ್ಲಿ ಒಂದು ನಿಮ್ಮ ಸಿದ್ದಾಪುರದ್ದು. ಅದೇ ಅರಸನು ತನ್ನ ಎರಡನೆಯ ಬೃಹತ್ ಶಿಲಾಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಬೇಕಾದ ಮೂಲಿಕೆಗಳನ್ನು ಅವು ಇಲ್ಲದೆಡೆಗೆ ತರಿಸಿ ನೆಡಿಸಿದುದಾಗಿ ಹೇಳಿಕೊಂಡಿದ್ದಾನೆ. ಹಾಗೆ ಹೊರಗಿನಿಂದ ಬಂದು ನಮ್ಮದೇ ಆಗಿಹೋದ ಒಂದು ಗಿಡವನ್ನು ಕುರಿತು ಇಂದು ಮಾತನಾಡಬಯಸುತ್ತೇನೆ.

ಅಂಗಳದಲ್ಲಿ, ಸ್ಮಶಾನದಲ್ಲಿ, ಬೇಲಿಯ ಬುಡದಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪ ಅಥವಾ ಕಾಶಿ ಕಣಗಿಲೆಯ ತವರು ಮಡಗಾಸ್ಕರ್ ದ್ವೀಪ. ಮಳೆ ಕಡಿಮೆಯಾದರೂ, ನೆಲ ಬಡವಾದರೂ ಅದು ಸೊರಗದು. ಕಹಿಯಾದ ಕಾರಣ ಕುರಿಮೇಕೆಗಳೂ ಅದನ್ನು ಮೇಯುವುದು ಅಪರೂಪ.

ಮಡಗಾಸ್ಕರಿನಿಂದ ಜಮೈಕಾದವರೆಗೆ, ನಮ್ಮಲ್ಲಿಯೂ, ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುವ ರೂಢಿಯಿದೆ. ಜಮೈಕಾದಿಂದ ಬಂದ ಎಲೆಗಳನ್ನು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದರು. ಸಾರವನ್ನು ಕುಡಿಸಿದಾಗ ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ. ರಕ್ತನಾಳಕ್ಕೆ ಚುಚ್ಚಿದಾಗ ಬಿಳಿ ರಕ್ತಕಣಗಳು ಕುಸಿದು, ಇಲಿಗಳು ಸೋಂಕಿನಿಂದ ಸತ್ತವು. ಬಿಳಿ ಕಣಗಳು ಮಿತಿಮೀರುವ ರಕ್ತ ಕ್ಯಾನ್ಸರಿಗೆ ಇದೇ ಮದ್ದಾಗಬಹುದೆಂಬ ದಾರಿ ಅಲ್ಲಿ ತೆರೆಯಿತು. ಜೀವಕೋಶಗಳ ವಿಭಜನೆಯನ್ನು ತಡೆಯುವ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಔಷಧಗಳು 1960ರ ದಶಕದ ಆರಂಭದಲ್ಲಿ ಚಿಕಿತ್ಸೆಗೆ ಬಂದವು. ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಅನಿವಾರ್ಯ.

ಇದರಿಂದ ನಾವು ಕಲಿಯಬೇಕಾದುದು ಎರಡು. ಮೊದಲನೆಯದು ಎಚ್ಚರಿಕೆ. ಈ ಗಿಡದಲ್ಲಿ ನೂರಕ್ಕೂ ಮಿಕ್ಕಿ ಆಲ್ಕಲಾಯ್ಡುಗಳಿವೆ. ಅವುಗಳ ಪ್ರಮಾಣ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಹಿಡಿ ಎಲೆ ಕುದಿಸಿದ ಲೋಟದಲ್ಲಿ ಎಷ್ಟು ಮದ್ದು, ಎಷ್ಟು ವಿಷ ಎಂಬುದನ್ನು ಅಳೆಯಲಾಗದು. ಮಾತ್ರೆ ಬಿಟ್ಟು ಕಷಾಯ ನಂಬಿದವರ ಕಣ್ಣು, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುತ್ತವೆ. ಗರ್ಭಿಣಿಯರಂತೂ ಇದನ್ನು ಸೇವಿಸಲೇಬಾರದು.

ಎರಡನೆಯದು ನ್ಯಾಯ. ಎಲೆಯತ್ತ ಬೆರಳು ತೋರಿದವರು ಹಳ್ಳಿಯ ಜನ. ಲಾಭ ಸೇರಿದ್ದು ಔಷಧ ಕಂಪನಿಗೆ. ಅಂದು ಪಾಲು ಕೇಳಲು ಕಾನೂನಿರಲಿಲ್ಲ. ನಮ್ಮ ಜೀವವೈವಿಧ್ಯ ಕಾಯಿದೆ ಬಂದದ್ದು 2002ರಲ್ಲಿ. ನಗೋಯಾ ಒಡಂಬಡಿಕೆ ಜಾರಿಯಾದದ್ದು 2014ರಲ್ಲಿ. ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಮ್ಯಾಸಬೇಡರ, ಕಾಡುಗೊಲ್ಲರ, ಕುರುಬರ ಗಿಡಜ್ಞಾನವು ಅವರ ಒಪ್ಪಿಗೆಯೊಡನೆ ಸೇರಲಿ. ಗುಣದ ಜೊತೆಗೆ ಅಪಾಯವನ್ನೂ ಅಲ್ಲಿ ಬರೆಯೋಣ. ಹಿರಿಯರ ಅರಿವನ್ನು ಗೌರವಿಸುವುದೆಂದರೆ ಅದನ್ನು ಪರೀಕ್ಷೆಗೆ ಒಡ್ಡುವುದೂ ಹೌದು.